ಗುಹನ ದೋಣಿಯೂ ಇಟ್ಟಿಗೆಯ ಹಡಗೂ

ಸಮುದ್ರವಿಲ್ಲದ ಊರಿನವರಿಗೆ ಹಡಗಿನ ಮೇಲಿರುವ ವ್ಯಾಮೋಹ ಕರಾವಳಿಯವರಿಗೆ ಅರ್ಥವಾಗಲಾರದು. ಮೈಸೂರಿನವರಾದ ನಮಗೆ ಜಲವಿಹಾರವೆಂದರೆ ಕಾರಂಜಿ ಕೆರೆಯ ದೋಣಿ, ಕಾವೇರಿಯ ಹರಿಗೋಲು, ಅದಕ್ಕೂ ಮೀರಿದರೆ ದಸರೆ ಕಳೆದ ಮೇಲೆ ಚಾಮುಂಡಿಬೆಟ್ಟದ ದೇವಿಕೆರೆಯಲ್ಲಿ ನಡೆಯುವ ತೆಪ್ಪೋತ್ಸವ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ನೂರಾರು ನೌಕೆಗಳನ್ನು ಮದಗಜಗಳ ಸಾಲಿಗೆ ಹೋಲಿಸಿದ್ದಾನೆಂದು ಓದಿದಾಗಲೂ ನಮ್ಮ ಕಣ್ಣಿಗೆ ಕಟ್ಟುವುದು ಆನೆಯೇ ಹೊರತು ನೌಕೆಯಲ್ಲ. ಇಂತಹ ನಮಗೆ ಬಾಲ್ಯದಿಂದ ಪರಿಚಿತವಾದ ನಾವೆ ಒಂದೇ ಒಂದು. ಅದು ನವರಾತ್ರಿಯ ಬೊಂಬೆಗಳ ನಡುವೆ ವರ್ಷಕ್ಕೊಮ್ಮೆ ತೇಲುವ ಗುಹನ ದೋಣಿ.

ಬೊಂಬೆಯ ಅಂಗಡಿಯವರು ಅದನ್ನು ಗುಹನ ಸೆಟ್ಟೆಂದೇ ಮಾರುತ್ತಾರೆ. ಮಣ್ಣಿನ ದೋಣಿಯಲ್ಲಿ ಸೀತಾರಾಮಲಕ್ಷ್ಮಣರು ಆಸೀನರಾಗಿರುತ್ತಾರೆ. ಹುಟ್ಟು ಹಿಡಿದ ಗುಹನು ಜಗತ್ತಿನ ಭಾಗ್ಯವೆಲ್ಲ ತನ್ನ ದೋಣಿಗೇ ಬಂದು ಹತ್ತಿತೆಂಬ ಸಂಭ್ರಮದಿಂದ ಅವರ ಕಡೆಗೇ ನೋಡುತ್ತಿರುತ್ತಾನಾದುದರಿಂದ, ದೋಣಿ ಎತ್ತ ಸಾಗುತ್ತಿದೆಯೆಂಬ ಪರಿವೆ ಅವನಿಗಿದ್ದಂತೆ ತೋರುವುದಿಲ್ಲ. ನಿಜವಾದ ಗಂಗೆಯಲ್ಲಾಗಿದ್ದರೆ ಅಷ್ಟು ಕಿರಿದಾದ ದೋಣಿ ಅಷ್ಟು ದೊಡ್ಡವರನ್ನು ಹೊತ್ತು ದಡ ಸೇರುವುದುಂಟೆ ಎಂಬ ಸಂದೇಹ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಿದುದಿಲ್ಲ.

ಈಚೆಗೆ ಇದರ ಪಕ್ಕಕ್ಕೆ ಎರಡನೆಯ ನಾವೆಯೊಂದು ಬಂದಿದೆ. ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ 1932ರಲ್ಲಿ ಬಡಗಿಯೊಬ್ಬನು ಆರಂಭಿಸಿದ ಆಟಿಕೆಯ ಉದ್ಯಮವೇ ಇಂದಿನ ಲೆಗೊ. ಅದರ ನಿಂಜಾಗೊ ಎಂಬ ಅದ್ಭುತಕಥಾಮಾಲೆಗೆ ಸೇರಿದ ಈ ಹಡಗಿನ ಹೆಸರು ಡೆಸ್ಟಿನೀಸ್ ಬೌಂಟಿ. 2012ರಲ್ಲಿ 684 ತುಣುಕುಗಳಾಗಿ ಮೊದಲು ಹೊರಬಂದ ಅದು, ಆ ಮಾಲೆಯ ಚಲನಚಿತ್ರದ ಸಲುವಾಗಿ 2017ರಲ್ಲಿ 2,295 ತುಣುಕುಗಳಷ್ಟು ಬೆಳೆಯಿತು. ಮೊಮ್ಮಗನು ತಂದದ್ದು ಈ ಎರಡನೆಯದನ್ನೇ. ಮಾಲೆಯ ಮೂಲಕಥೆಯಲ್ಲಿ ಇದು ಕಡಲ್ಗಳ್ಳರ ಹಡಗು. ಮರಳುಗಾಡಿನಲ್ಲಿ ಹಾಳುಬಿದ್ದಿದ್ದುದು ತರುಣ ಯೋಧರ ಗುಂಪೊಂದಕ್ಕೆ ಮನೆಯಾಗಿ, ಕೊನೆಗೆ ಆಕಾಶಕ್ಕೇ ಏರುತ್ತದೆ. “ತಾತ, ಈ ಹಡಗು ಹಾರುತ್ತೆ” ಎಂದು ಹುಡುಗನು ಬೆರಗು ಬಡಿಸಲು ಬಂದಾಗ, ಪುಷ್ಪಕವಿಮಾನದ ಕಥೆ ಕೇಳುತ್ತ ತುತ್ತು ನುಂಗಿದ ನಾನು ಹುಬ್ಬೇರಿಸದೆ ಇದ್ದುದು ಅವನಿಗೆ ಕೊಂಚ ನಿರಾಶೆಯನ್ನೇ ಉಂಟುಮಾಡಿತು.

ಈ ಹಡಗಿನ ರಸವಿರುವುದು ನೋಟದಲ್ಲಲ್ಲ, ನಿರ್ಮಾಣದಲ್ಲಿ. ಪೊಟ್ಟಣಗಳನ್ನು ಒಡೆದು ತುಣುಕುಗಳನ್ನು ಬಣ್ಣದ ಮೇರೆಗೆ ತಟ್ಟೆಗಳಲ್ಲಿ ವಿಂಗಡಿಸುವಾಗ, ಮಾಗಿಯ ಸಂಜೆ ಅವರೆಕಾಳು ಹಿತುಕಲು ಕುಳಿತವರಿಗಾಗುವಂತೆ, ಕೈ ತನ್ನ ಪಾಡಿಗೆ ದುಡಿಯುತ್ತದೆ, ಮಾತು ತನ್ನ ಪಾಡಿಗೆ ಹರಿಯುತ್ತದೆ. ಕಟ್ಟುವ ಕ್ರಮವನ್ನು ತಿಳಿಸುವ ಪುಸ್ತಕದಲ್ಲಿ ಚಿತ್ರಗಳೇ ಎಲ್ಲವನ್ನೂ ಹೇಳುವುದರಿಂದ ತಾತನಿಗೂ ಮೊಮ್ಮಗನಿಗೂ ಪಾಂಡಿತ್ಯದಲ್ಲಿ ಭೇದವಿಲ್ಲ. ಒಂದರ ನೆತ್ತಿಯ ಗುಬುಟು ಇನ್ನೊಂದರ ಅಡಿಯ ಕುಹರದಲ್ಲಿ ಟಕ್ಕೆಂದು ಕೂರುವ ಇಂದಿನ ಇಟ್ಟಿಗೆಗೆ ಅರ್ಜಿ ಹಾಕಿ ಹಕ್ಕು ಕೇಳಿದುದು 1958ರ ಜನವರಿ 28ರಂದು. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್ ಎಂಬ ಅಳತೆಯನ್ನು ಬಿಡದೆ ಪಾಲಿಸಿಕೊಂಡು ಬಂದಿರುವುದರಿಂದ ಆ ವರ್ಷದ ಇಟ್ಟಿಗೆ ಇಂದಿನದರೊಡನೆ ಬೆಸೆಯುತ್ತದೆ. ಎಂಟು ಗುಬುಟಿನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಇಷ್ಟಾದರೂ ಇಟ್ಟಿಗೆ ಇಟ್ಟಿಗೆಯೇ. ಅದರ ಮೂಲೆ ಚೌಕ, ಸ್ವಭಾವ ನೇರ. ಅಂಥವುಗಳಿಂದ ಹಡಗಿನ ಉಬ್ಬಿದ ಒಡಲನ್ನು ಬಾಗಿಸುವುದೆಂತು? ತಲೆಕೆಳಗಾದ ಇಳಿಜಾರಿನ ತುಣುಕುಗಳನ್ನು ಒಂದರ ಮೇಲೊಂದು ಚಾಚಿ, ಕೀಲಿನ ಮೇಲೆ ಪಕ್ಕೆಯನ್ನು ಓರೆಯಾಗಿ ನಿಲ್ಲಿಸಿ, ಹಲವು ಸರಳರೇಖೆಗಳಿಂದ ಒಂದು ವಕ್ರರೇಖೆಯ ಭ್ರಾಂತಿಯನ್ನು ಹುಟ್ಟಿಸುವ ಆ ಘಳಿಗೆ ನನಗೆ ಪರಮಪ್ರಿಯವಾದುದು.

ಇನ್ನು ಹಡಗಿನ ಜನ. 1978ರಲ್ಲಿ ಈಗಿನ ರೂಪಕ್ಕೆ ಬಂದ ಈ ಪುಟ್ಟ ಮನುಷ್ಯರು ಸುಮಾರು 4 ಸೆಂಟಿಮೀಟರ್ ಎತ್ತರದವರು. ನಮ್ಮ ಶಿಲ್ಪಶಾಸ್ತ್ರವು ಮುಖದ ಉದ್ದವನ್ನೇ ತಾಲವೆಂಬ ಮಾನವನ್ನಾಗಿ ಹಿಡಿದು, ಮಹಾದೇವತೆಗಳಿಗೆ ದಶತಾಲವನ್ನೂ ವಿನಾಯಕನಿಗೆ ಪಂಚತಾಲವನ್ನೂ ಭೂತಗಣಗಳಿಗೆ ಚತುಸ್ತಾಲವನ್ನೂ ವಿಧಿಸುತ್ತದೆ. ಆ ಲೆಕ್ಕದಲ್ಲಿ ತಲೆ ಕಾಲುಭಾಗವಾಗಿರುವ ಈ ಯೋಧರು ಭೂತಗಣದ ಪಂಕ್ತಿಯವರು. ಎಷ್ಟು ಹುಬ್ಬು ಗಂಟಿಕ್ಕಿದರೂ ಅವರ ಮೇಲೆ ಕೋಪ ಬಾರದಿರುವುದಕ್ಕೆ ಇದೇ ಕಾರಣವಿರಬೇಕು. ಮೊದಮೊದಲು ಇವರೆಲ್ಲರ ಮುಖದಲ್ಲಿ ಎರಡು ಚುಕ್ಕೆ, ಒಂದು ಮುಗುಳ್ನಗೆ, ಇಷ್ಟೇ. 1989ರಲ್ಲಿ ಕಡಲ್ಗಳ್ಳರ ಮಾಲೆ ಬಂದ ಮೇಲೆ ಮೀಸೆ, ಕಣ್ಪಟ್ಟಿ, ಕೊಂಕುನಗೆಗಳು ಮೂಡಿದುವು. ನಮ್ಮ ಬೊಂಬೆಗಳಲ್ಲಿ ನೀಲಿಯೆಂದರೆ ರಾಮನೆಂದು ಮಗುವೂ ಅರಿಯುವಂತೆ, ಇಲ್ಲಿ ಕೆಂಪು ಅಗ್ನಿಯವನು, ಬಿಳಿ ಹಿಮದವನು, ಕಪ್ಪು ಭೂಮಿಯವನು. ಒಂದೇ ಕೊರತೆಯೆಂದರೆ ಕೊಕ್ಕೆಯಂತಹ ಆ ಕೈಗಳು ಹುಟ್ಟನ್ನೂ ಕತ್ತಿಯನ್ನೂ ಹಿಡಿದಾವು, ಆದರೆ ಅಂಜಲಿ ಮುಗಿಯಲಾರವು. ಬೊಂಬೆಗಳ ಸಭೆಯಲ್ಲಿ ದೇವರಿಗೆ ಕೈಮುಗಿಯದೆ ನಿಂತವರು ಇವರಷ್ಟೇ.

ಎರಡು ನಾವೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೊಂದು ವಿಷಯ ಹೊಳೆಯಿತು. ನಿಜವಾದ ಹಡಗಿನಲ್ಲಿ ಮನುಷ್ಯನು ಇರುವೆಯಷ್ಟಾಗಿ ಕಾಣುವನಷ್ಟೆ. ಈ ಹಡಗಿನಲ್ಲಾದರೋ ಯೋಧನೊಬ್ಬನು ಅಟ್ಟದ ಮೇಲೆ ನಿಂತರೆ ಅರ್ಧ ದಾರಿ ಅವನಿಂದಲೇ ತುಂಬಿಹೋಗುತ್ತದೆ. ಬಾಗಿಲು ಅವನ ಟೋಪಿ ನುಸುಳುವಷ್ಟು, ಕೋಣೆ ಅವನು ಹೊರಳುವಷ್ಟು. ಮೇಲಣ ಅಂತಸ್ತನ್ನು ಎತ್ತಿ ತೆಗೆದರೆ ಒಳಮನೆಯೆಲ್ಲ ಕಾಣಬೇಕೆಂಬುದೇ ಅದನ್ನು ಕಟ್ಟಿದವನ ಹವಣಿಕೆ. ಗುಹನ ದೋಣಿಯನ್ನು ಅಚ್ಚಿನಲ್ಲಿ ಒತ್ತಿದ ಕುಶಲಿಯೂ ಇದನ್ನೇ ಮಾಡಿದನಲ್ಲವೆ? ಪರಸ್ಪರ ಹೆಸರು ಕೇಳರಿಯದ ಈ ಇಬ್ಬರೂ ನಾವೆಯ ಅಳತೆಯನ್ನು ನೀರಿನಿಂದ ತೆಗೆದುಕೊಳ್ಳದೆ ಪ್ರಯಾಣಿಕರಿಂದ ತೆಗೆದುಕೊಂಡರು. ಇಬ್ಬರೂ ನಾವೆಯ ತಳವನ್ನು ಚಪ್ಪಟೆ ಮಾಡಿ, ನೀರನ್ನು ಒದಗಿಸುವ ಹೊಣೆಯನ್ನು ನೋಡುವವರಿಗೇ ಬಿಟ್ಟರು. ಬೊಂಬೆಯ ಮೆಟ್ಟಿಲ ಕೆಳಗೆ ರಾಗಿಯ ಪೈರು ಬೆಳೆಸಿ, ನಡುವೆ ಕನ್ನಡಿಯಿಟ್ಟು ಕೊಳವೆಂದು ನಂಬುವ ಮೈಸೂರಿನವರಿಗೆ ಆ ಹೊಣೆ ಭಾರವಲ್ಲ. ತಾಂತ್ರಿಕರು ಇದನ್ನು ಅನುಪಾತದೋಷವೆಂದಾರು. ನಾನಾದರೋ ಇದನ್ನು ಆತಿಥ್ಯವೆನ್ನುತ್ತೇನೆ.

ಹಡಗಿನ ಸ್ಥಾನನಿರ್ಣಯ ಸುಲಭವಾಗಲಿಲ್ಲ. “ರೀ, ಆ ಡ್ರಾಗನ್ ಮೂತೀನ ಪಟ್ಟದ ಬೊಂಬೆ ಕಡೆ ಮಾತ್ರ ತಿರುಗಿಸಬೇಡಿ” ಎಂದು ಮನೆಯಾಕೆ ಅಪ್ಪಣೆ ಮಾಡಿದುದರಿಂದ, ರಕ್ತಚಂದನದ ರಾಜರಾಣಿಯರಿಗೆ ಬಲು ದೂರದಲ್ಲಿ, ಕನ್ನಡಿಯ ಕೊಳದ ಅಂಚಿನಲ್ಲಿ ಅದು ಲಂಗರು ಹಾಕಿತು. ಸಂಜೆ ಆರತಿಯ ಹೊತ್ತಿಗೆ ಬಂದ ಮಕ್ಕಳು ಚರ್ಪು ಇಸಿದುಕೊಂಡು ಹೋಗುವುದನ್ನೂ ಮರೆತು ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತುದನ್ನು ಕಂಡ ಮೇಲೆ ಆಕೆಯ ವಿರೋಧ ತುಸು ಸಡಿಲಿತು.

ಮಣ್ಣಿನ ಬೊಂಬೆ ಹಬ್ಬ ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿಸಿಕೊಂಡು ಅಟ್ಟ ಸೇರಿ, ಇದ್ದಂತೆಯೇ ಇರುವುದರಲ್ಲಿ ತನ್ನ ಘನತೆಯನ್ನು ಕಾಣುತ್ತದೆ. ಇಟ್ಟಿಗೆಯ ಹಡಗಿಗೆ ಬಿಚ್ಚಿಸಿಕೊಂಡು ಬೇರೊಂದಾಗುವುದೇ ಘನತೆ. ಆದುದರಿಂದ ಮುಂದಿನ ನವರಾತ್ರಿಗೆ ಇದೇ ಇಟ್ಟಿಗೆಗಳಿಂದ ಗುಹನ ದೋಣಿಯನ್ನು ಕಟ್ಟತಕ್ಕದ್ದೆಂದೂ, ಯೋಧರ ಗುರುವಾದ ಬಿಳಿಗಡ್ಡದ ವೂ ಎಂಬ ಮುದುಕನನ್ನೇ ಗುಹನನ್ನಾಗಿ ನಿಲ್ಲಿಸತಕ್ಕದ್ದೆಂದೂ ನಾನೂ ಮೊಮ್ಮಗನೂ ಒಮ್ಮತಕ್ಕೆ ಬಂದೆವು. ಮನೆಯಾಕೆ ಯೋಜನೆಯನ್ನು ಕೂಲಂಕಷವಾಗಿ ಕೇಳಿ, ಸಮ್ಮತಿಸಿ, ಒಂದೇ ಒಂದು ಷರತ್ತು ಹಾಕಿದರು: “ಆಗಲಿ ಮಗು, ಗುಹನ ದೋಣಿಗೂ ಆ ಮೂತಿ ಸಿಗಿಸಬೇಡ.”