ಅದು ಕೊನೆ ಕೊಯ್ತಾ?

ನಮ್ಮ ಸಿದ್ದಾಪುರ, ಶಿರಸಿ, ಯಲ್ಲಾಪುರದ ಸೀಮೆಯಲ್ಲಿ ಹಬ್ಬಕ್ಕೆ ಬಂದ ಬೆಂಗಳೂರಿನ ಹುಡುಗರು ರೋಬೋಟಿನ ಸುದ್ದಿ ತೆಗೆದರೆ, ಜಗಲಿಯಲ್ಲಿ ಕವಳ ಹಾಕುತ್ತ ಕೂತ ಹಿರಿಯರ ಪ್ರಶ್ನೆ ಒಂದೇ: "ತಮಾ, ಅದು ಕೊನೆ ಕೊಯ್ತಾ?"

ಪ್ರಶ್ನೆ ಸಣ್ಣದಲ್ಲ. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆ ಹೊಕ್ಕ ಯುನಿಮೇಟ್, ಎರಕದಿಂದ ಹೊರಬಿದ್ದ ಬಿಸಿ ಲೋಹವನ್ನು ಎತ್ತಿಡುತ್ತಿತ್ತು. ಕೈ ಸುಡುವ ಕೆಲಸ ತಪ್ಪಿತು, ಒಳ್ಳೆಯದೇ. ಆದರೆ ಅಲ್ಲಿ ನೆಲ ಸಪಾಟು, ತಲೆಯ ಮೇಲೆ ಸೂರು, ಎತ್ತುವ ವಸ್ತು ಬರುವ ಜಾಗವೂ ಗೊತ್ತು. ನಮ್ಮ ಅಡಿಕೆ ಮರವೋ ಪಾಚಿಗಟ್ಟಿ ಜಾರುತ್ತದೆ, ಗಾಳಿಗೆ ತೂಗುತ್ತದೆ. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಕಾಲಿಗೆ ಹಗ್ಗದ ತಳೆ ಹಾಕಿ ಹತ್ತಿದನೆಂದರೆ ಮರಮರಕ್ಕೂ ಇಳಿಯುವವನಲ್ಲ. ತಾನಿದ್ದ ಮರವನ್ನೇ ಬಾಗಿಸಿ ಪಕ್ಕದ್ದಕ್ಕೆ ದಾಟಿಬಿಡುತ್ತಾನೆ. ಕೆಳಗೆ ನಿಂತ ಯಜಮಾನರಿಗೇ ಎದೆ ಧಸಕ್ಕೆನ್ನುತ್ತದೆ, ಅವನಿಗಲ್ಲ.

ಈಗ ಆ ಕಸುಬಿಗೆ ಹೊಸಬರು ಬರುವುದು ಕಡಿಮೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅದಕ್ಕೆಂದೇ ಮರವೇರುವ ಬೈಕು ಮಾಡಿದರು. 2019ರಲ್ಲಿ ಅದರ ವಿಡಿಯೋ ನೋಡದ ಅಡಿಕೆ ಬೆಳೆಗಾರನೇ ಇರಲಿಲ್ಲವೇನೋ. ಪೆಟ್ರೋಲ್ ಎಂಜಿನ್ನು, ಕೂರಲು ಸೀಟು. ಕೂತವನನ್ನು ಸರ್ರನೆ ಮೇಲೇರಿಸುತ್ತದೆ. ಆದರೆ ಪ್ರತಿ ಮರಕ್ಕೂ ಇಳಿದು, ಬಿಚ್ಚಿ, ಮತ್ತೆ ಕಟ್ಟಬೇಕು. ದಾಟುವ ವಿದ್ಯೆ ಅದಕ್ಕಿಲ್ಲ. ಇದರ ನಡುವೆ ವಿಮಾನಕ್ಕೆ ಬಳಸುವ ಕಾರ್ಬನ್ ಫೈಬರ್ ತೋಟಕ್ಕೆ ದೋಟಿಯಾಗಿ, ಅಂದರೆ ಕೊಯ್ಯುವ ಉದ್ದನೆಯ ಕೋಲಾಗಿ ಇಳಿಯಿತು. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಬೋರ್ಡೋ ಔಷಧಿ ಹೊಡೆಯಬಹುದು. ಸಂಜೆಗೆ ಕುತ್ತಿಗೆಗೆ ಎಣ್ಣೆ ತಿಕ್ಕುವವರು ಮನೆಯಲ್ಲಿರಬೇಕು, ಅಷ್ಟೆ.

ನನಗಂತೂ ಆಸ್ಪತ್ರೆಯ ರೋಬೋಟು ಈ ದೋಟಿಯ ಜಾತಿಯದೇ ಎನಿಸುತ್ತದೆ. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾ ವಿಂಚಿ ಯಂತ್ರ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ತುಸು ದೂರದಲ್ಲಿ ಕೂತ ಸರ್ಜನ್ನರ ಕೈ ಹೇಗೆ ಆಡುತ್ತದೋ ಹಾಗೆ ಅದರ ಸಣ್ಣ ಚಿಮಟಗಳು ಒಳಗೆ ಆಡುತ್ತವೆ; ಕೈಯ ನಡುಕವನ್ನು ಮಾತ್ರ ಸೋಸಿಬಿಡುತ್ತದೆ. "ರೋಬೋಟೇ ಆಪರೇಷನ್ ಮಾಡ್ತಂತೆ" ಎಂದು ಹೆದರುವ ಅತ್ತೆಯಂದಿರಿಗೆ ಇಷ್ಟು ಹೇಳಿದರೆ ಅರ್ಧ ಬಿ.ಪಿ. ಇಳಿಯುತ್ತದೆ.

ದೂರವೆಂದರೆ ಎಷ್ಟು ದೂರ? 2001ರ ಸೆಪ್ಟೆಂಬರಿನಲ್ಲಿ ಡಾಕ್ಟರ್ ಜಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕೂತು, ಇಂಥದೇ ರೋಬೋಟಿನ ಮೂಲಕ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ಹೆಂಗಸಿನ ಪಿತ್ತಕೋಶ ತೆಗೆದರು. ನಡುವೆ ಇಡೀ ಅಟ್ಲಾಂಟಿಕ್ ಸಾಗರ. ನಮಗೋ ಹುಬ್ಬಳ್ಳಿಯೇ ದೂರ, ಮಣಿಪಾಲವೇ ದೂರ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಜನ ಬೀದಿಗಿಳಿದಿದ್ದರು. ನ್ಯೂಯಾರ್ಕಿನ ಡಾಕ್ಟರು ತಂತಿಯಲ್ಲೇ ಬರಲಿ, ಬೇಡವೆಂದವರಾರು? ಆದರೆ ಆಷಾಢದಲ್ಲಿ ಕರೆಂಟು ಹೋದರೆ ಟವರೂ ಅದರ ಹಿಂದೆಯೇ ಹೋಗುತ್ತದೆ. ಪಿತ್ತಕೋಶ ಅರ್ಧ ಬಿಚ್ಚಿದಾಗ ಸಿಗ್ನಲ್ ಹೋದರೆ, ಫೋನು ಹಿಡಿದು ಗುಡ್ಡ ಹತ್ತುವುದು ಡಾಕ್ಟರೋ, ರೋಗಿಯೋ?