ಒದ್ದೆ ಗೋಣಿ

ಹಾನಗಲ್ಲಿನ ನನ್ನ ಬೀಜದಂಗಡಿ ಮುಚ್ಚಿದಾಗ, ತಪ್ಪೆಲ್ಲ ಉದ್ರಿ ತೀರಿಸದ ರೈತರದೆಂದೇ ನಂಬಿದ್ದೆ. ವಹಿ ಹಿಡಿದು ಶಿಗ್ಗಾಂವಿ, ಹಿರೇಕೆರೂರು ಸೀಮೆಯೆಲ್ಲ ತಿರುಗಿದೆ. ಒಂದು ಮನೆಯಲ್ಲಿ ಅಜ್ಜನೊಬ್ಬ ಬೆಲ್ಲ, ನೀರು ಕೊಟ್ಟು, "ರೊಕ್ಕ ಕೊಡ್ತೀನ್ರಿ ಸಾವಕಾರ್ರ, ಆದ್ರ ನಿಮ್ಮ ಸೋಯಾ ಕಾಳು ಹುಟ್ಟಲೇ ಇಲ್ಲ ನೋಡ್ರಿ" ಎಂದ. ಬೆಲ್ಲ ಗಂಟಲಲ್ಲಿ ನಿಂತಿತು. ಅದು ಹಿಂದಿನ ವರ್ಷ ಉಳಿದ ಮಾಲು. ಸೋಯಾ ಬೀಜ ಇಟ್ಟಲ್ಲೇ ಬೇಗ ಕಸುವು ಕಳೆದುಕೊಳ್ಳುತ್ತದೆ, ನನಗದು ಗೊತ್ತಿತ್ತು. ಆ ಪುಟಕ್ಕೆ ಅಡ್ಡಗೆರೆ ಎಳೆದೆ.

ಈಗ ಮತ್ತೆ ಸಣ್ಣದೊಂದು ಅಂಗಡಿ. ಬಾಗಿಲಲ್ಲೇ ಒದ್ದೆ ಗೋಣಿಯಲ್ಲಿ ನೂರು ಕಾಳು ಸುತ್ತಿಡುತ್ತೇನೆ. 1966ರ ಬೀಜ ಕಾಯ್ದೆಯಡಿಯ ಅಳತೆಯಂತೆ 70 ಆದರೂ ಮೊಳೆಯಬೇಕು. ಎಣಿಸುವವನು ಗಿರಾಕಿ. (ನನ್ನ ಹೆಂಡತಿಯ ಲೆಕ್ಕದಲ್ಲಿ ಇದು ವ್ಯಾಪಾರವಲ್ಲ, ಹುಚ್ಚು.) ಮೊನ್ನೆ ಸವಣೂರಿನವನೊಬ್ಬ ಎರಡು ಸಲ ಎಣಿಸಿದ: 63. ಚೀಲಗಳನ್ನು ಒಳಗೆ ಸರಿಸಿದೆ. "ಬ್ಯಾರೇ ಮಾಲು ಬಂದ್ರ ಹೇಳಿ ಕಳಸ್ರಿ" ಎಂದು ಬರಿಗೈಯಲ್ಲೇ ಬಸ್ಸು ಹತ್ತಿದ.