ಮಂಜಿನ ಮುಂಜಾವಿನಲ್ಲಿ ಕಾಣದ ಹಾದಿ

ಜನವರಿಯ ನಸುಕು. ಬನಶಂಕರಿ ಬಸ್ ನಿಲ್ದಾಣದಲ್ಲಿ ವಿಮಾನ ನಿಲ್ದಾಣಕ್ಕೆ ಹೊರಡುವ ವಾಯುವಜ್ರ ಬಸ್ಸು ಸಿದ್ಧವಾಗಿ ನಿಂತಿದೆ. ಮಫ್ಲರ್ ಸುತ್ತಿಕೊಂಡ ಅಪ್ಪ, ಸ್ವೆಟರಿನೊಳಗೆ ಕೈ ಎಳೆದುಕೊಂಡ ಮಗ ಕಿಟಕಿಯ ಪಕ್ಕ ಕುಳಿತಿದ್ದಾರೆ. ದೆಹಲಿಯಲ್ಲಿ ಓದುತ್ತಿರುವ ಮಗಳು ಸಂಕ್ರಾಂತಿಗೆ ಊರಿಗೆ ಬರುತ್ತಿದ್ದಾಳೆ. ಅವಳನ್ನು ಕರೆತರಲು ಈ ಪ್ರಯಾಣ. ಬೀದಿದೀಪದ ಸುತ್ತ ಮಂಜು ಹತ್ತಿಯಂತೆ ಹರಡಿಕೊಂಡಿದೆ.

‘ಅಪ್ಪಾ, ನಮಗೇ ಎದುರಿನ ಬಸ್ಸು ಸರಿಯಾಗಿ ಕಾಣ್ತಿಲ್ಲ. ಪೈಲಟ್‌ಗೆ ಏನೂ ಕಾಣದಿದ್ದರೆ ಅಕ್ಕನ ವಿಮಾನ ಹೇಗೆ ಇಳಿಸ್ತಾರೆ?’

‘ಈಗೆಲ್ಲ ಕಂಪ್ಯೂಟರೇ ಇಳಿಸುತ್ತೆ ಕಣೋ’ ಎನ್ನುತ್ತಾರೆ ಅಪ್ಪ. ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ತಿಳಿಯಲು ದಕ್ಷಿಣ ಬೆಂಗಳೂರಿನಿಂದ ದೇವನಹಳ್ಳಿಯವರೆಗಿನ ಸುಮಾರು 40 ಕಿಲೋಮೀಟರಿನ ಈ ಹಾದಿ ಸಾಕಾದೀತು.

ಲಾಲ್‌ಬಾಗಿನ ಮೇಲಿನ ಆಕಾಶ

ಜಯನಗರದ ಹಿರಿಯರಿಗೆ ವಿಮಾನ ಇಷ್ಟು ದೂರದ ಸಂಗತಿಯಾಗಿರಲಿಲ್ಲ. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ಊರಿನ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣದಲ್ಲೇ ಇಳಿಯುತ್ತಿದ್ದವು. ಪೂರ್ವ ಪಶ್ಚಿಮವಾಗಿ ಮಲಗಿರುವ ಅದರ ರನ್‌ವೇಯನ್ನು ನಕ್ಷೆಯ ಮೇಲೆ ಪಶ್ಚಿಮಕ್ಕೆ ಎಳೆದರೆ ಆ ಗೆರೆ ಲಾಲ್‌ಬಾಗಿನ ಕಡೆಗೇ ಬರುತ್ತದೆ. ಪಶ್ಚಿಮದಿಂದ ಇಳಿಯುವ ವಿಮಾನಗಳು ಈ ಭಾಗದ ಆಕಾಶದಲ್ಲೇ ತಗ್ಗುತ್ತಿದ್ದವು. ಮಕ್ಕಳು ಮಾಳಿಗೆಯ ಮೇಲೆ ನಿಂತು ಕೈ ಬೀಸುತ್ತಿದ್ದರು.

ಆ ದಿಕ್ಕಿನಿಂದಲೇ 1990ರ ಫೆಬ್ರುವರಿ 14ರ ಮಧ್ಯಾಹ್ನ ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ಇಳಿಯಲು ಬಂತು. ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಬಡಿಯಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಪ್ರಾಣ ಕಳೆದುಕೊಂಡರು. ಅಂದು ಮಂಜಿರಲಿಲ್ಲ, ಮಳೆಯಿರಲಿಲ್ಲ. ರನ್‌ವೇ ಕಣ್ಣಿಗೆ ಕಾಣುತ್ತಿತ್ತು. ಆದರೂ ಹೀಗಾಯಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರು ನಡೆಸಿದ ವಿಚಾರಣೆಯಲ್ಲಿ ಹೊರಬಂದ ಸಂಗತಿಯನ್ನು ಸರಳವಾಗಿ ಹೇಳುವುದಾದರೆ ಇಷ್ಟು: ವಿಮಾನದ ಕಂಪ್ಯೂಟರು ಎಂಜಿನ್ನುಗಳನ್ನು ಕನಿಷ್ಠ ಶಕ್ತಿಯಲ್ಲಿಟ್ಟು ಇಳಿಯುವ ಕ್ರಮದಲ್ಲಿತ್ತು. ವೇಗ ಕುಸಿಯುತ್ತಾ ಹೋದದ್ದು ಪೈಲಟ್‌ಗಳ ಗಮನಕ್ಕೆ ಬಂದು ಅವರು ಎಂಜಿನ್ನಿಗೆ ಶಕ್ತಿ ಕೊಡುವ ಹೊತ್ತಿಗೆ ಕಾಲ ಮೀರಿತ್ತು.

ಯಂತ್ರ ತನಗೆ ಹೇಳಿದ್ದನ್ನು ಮಾಡುತ್ತದೆ; ಏನು ಹೇಳಿದ್ದೇವೆ ಎಂಬುದು ಮನುಷ್ಯನಿಗೆ ನೆನಪಿರಬೇಕು. ಮಂಜಿನಲ್ಲಿ ವಿಮಾನ ಇಳಿಸುವ ವಿದ್ಯೆಗೆಲ್ಲ ಇದೇ ಮೊದಲ ಪಾಠ.

ಮಂಜು ಎಲ್ಲಿಂದ ಬರುತ್ತದೆ?

ಬಸ್ಸು ಮೇಖ್ರಿ ವೃತ್ತ ದಾಟಿ ಹೆಬ್ಬಾಳದ ಮೇಲ್ಸೇತುವೆ ಏರುತ್ತದೆ. ಕೆರೆಯ ಮೇಲೆ ಬಿಳಿಯ ಹೊದಿಕೆ. ಮುಂದೆ ಜಕ್ಕೂರು. ಅಲ್ಲಿನ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆ 1948ರಷ್ಟು ಹಳೆಯದು. ಕಲಿಯುವವರು ಮೊದಲು ಕಣ್ಣನ್ನೇ ನಂಬಿ ಹಾರುತ್ತಾರೆ. ಮಂಜಿನ ಬೆಳಿಗ್ಗೆ ಅಂಥ ಪುಟ್ಟ ವಿಮಾನಗಳು ಬಿಸಿಲಿಗೆ ಕಾಯಬೇಕು. ಯಲಹಂಕ, ಚಿಕ್ಕಜಾಲ, ಸಾದಹಳ್ಳಿಯ ಟೋಲ್ ಗೇಟು ದಾಟುತ್ತಿದ್ದಂತೆ ಕಟ್ಟಡಗಳು ವಿರಳವಾಗಿ, ಬಯಲು ಹೆಚ್ಚಾಗಿ, ಮಂಜೂ ದಟ್ಟವಾಗುತ್ತದೆ.

ಇದಕ್ಕೆ ಕಾರಣವಿದೆ. ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿರುವ ಈ ಬಯಲಿನ ನೆಲ ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರಲ್ಲಿರುವ ನೀರಾವಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತದೆ. ಜೋರು ಗಾಳಿ ಬೀಸಿದರೆ ಚದುರಿಹೋಗುತ್ತದೆ. ಗಾಳಿ ಸತ್ತಂತಿದ್ದರೆ ಮಂಜಾಗಿ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಕರಗುತ್ತದೆ. ಜಯನಗರದ ಕಾಂಕ್ರೀಟು ರಾತ್ರಿಯೂ ಬೆಚ್ಚಗಿರುವುದರಿಂದ ಅಲ್ಲಿ ಮಂಜು ತೆಳು. ದೇವನಹಳ್ಳಿಯ ಬಯಲಿಗೆ ಆ ರಕ್ಷಣೆ ಇಲ್ಲ.

ಹವಾಮಾನದವರ ಲೆಕ್ಕದಲ್ಲಿ ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ಅದು ಮಂಜು. ಆದರೆ ಪೈಲಟ್‌ಗೆ ಬೇಕಾದ್ದು ಇನ್ನೂ ನಿಖರವಾದ ಅಳತೆ. ರನ್‌ವೇಯ ಮೇಲೆ ನಿಂತವನಿಗೆ ಅದರ ದೀಪಗಳು ಎಷ್ಟು ದೂರದವರೆಗೆ ಕಾಣುತ್ತವೆ ಎಂಬುದೇ ಆ ಅಳತೆ. ಇದಕ್ಕೆ ರನ್‌ವೇ ವಿಶುವಲ್ ರೇಂಜ್, ಚಿಕ್ಕದಾಗಿ ಆರ್‌ವಿಆರ್ ಎಂದು ಹೆಸರು. ಇದನ್ನು ಅಳೆಯುವ ಉಪಕರಣ ಒಂದು ಕಡೆಯಿಂದ ಬೆಳಕಿನ ಕಿರಣವನ್ನು ಬಿಟ್ಟು, ಇನ್ನೊಂದು ಕಡೆಗೆ ಎಷ್ಟು ಬೆಳಕು ಉಳಿದು ಬಂತೆಂದು ನೋಡುತ್ತದೆ. ನಡುವೆ ಕಳೆದುಹೋದ ಬೆಳಕೇ ಮಂಜಿನ ಸಾಂದ್ರತೆ.

ಬೆಂಗಳೂರಿಗೆ ಹೆಮ್ಮೆಯ ವಿಷಯವೆಂದರೆ ಈ ಉಪಕರಣವನ್ನು ‘ದೃಷ್ಟಿ’ ಎಂಬ ಹೆಸರಿನಲ್ಲಿ ಸ್ವದೇಶಿಯಾಗಿ ರೂಪಿಸಿದ್ದು ಇದೇ ಊರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್. 1959ರಲ್ಲಿ ದೆಹಲಿಯಲ್ಲಿ ಹುಟ್ಟಿ ಮರುವರ್ಷವೇ ಬೆಂಗಳೂರಿಗೆ ಬಂದ ಸಂಸ್ಥೆಯಿದು. ಭಾರತೀಯ ಹವಾಮಾನ ಇಲಾಖೆಯ ಸಹಯೋಗದಲ್ಲಿ ‘ದೃಷ್ಟಿ’ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಕಣ್ಣಾಗಿ ಕುಳಿತಿದೆ.

ಎರಡು ದನಿಗಳ ನಡುವಿನ ದಾರಿ

ಈಗ ಮೂಲ ಪ್ರಶ್ನೆಗೆ ಬರೋಣ. ಕಾಣದ ರನ್‌ವೇಯನ್ನು ವಿಮಾನ ಹುಡುಕುವುದು ಹೇಗೆ?

ಮನೆಯ ರೇಡಿಯೋದಲ್ಲಿ ಎಫ್‌ಎಂ ರೇನ್‌ಬೋ 101.3ರಲ್ಲಿ ಸಿಗುತ್ತದಲ್ಲವೆ? ಮುಳ್ಳನ್ನು ತಿರುಗಿಸುತ್ತಾ ಹೋದರೆ 108ಕ್ಕೆ ಎಫ್‌ಎಂ ಮುಗಿಯುತ್ತದೆ. ಅದರಾಚೆಗೆ, 108ರಿಂದ 112 ಮೆಗಾಹರ್ಟ್ಸ್ ನಡುವೆ, ವಿಮಾನಗಳಿಗಾಗಿ ಮೀಸಲಾದ ಸಂಕೇತವೊಂದಿದೆ. ರನ್‌ವೇಯ ಆಚೆ ತುದಿಯಲ್ಲಿರುವ ಆಂಟೆನಾ ಸಾಲು ಇದನ್ನು ಬಿಡುತ್ತದೆ, ಹೆಸರು ಲೋಕಲೈಸರ್. ಇದರಲ್ಲಿ ಎರಡು ದನಿಗಳಿವೆ. ಇಳಿಯಲು ಬರುವ ವಿಮಾನ ಎಡಕ್ಕೆ ಸರಿದಿದ್ದರೆ 90 ಹರ್ಟ್ಸ್‌ನ ದನಿ ಹೆಚ್ಚು. ಬಲಕ್ಕೆ ಸರಿದಿದ್ದರೆ 150 ಹರ್ಟ್ಸ್‌ನದು ಹೆಚ್ಚು. ಎರಡೂ ಸಮನಾಗಿದ್ದರೆ ವಿಮಾನ ರನ್‌ವೇಯ ನಡುಗೆರೆಯ ನೇರದಲ್ಲಿದೆ ಎಂದರ್ಥ.

ಹಾಗೆಯೇ ರನ್‌ವೇಯ ಪಕ್ಕದಲ್ಲಿ, ವಿಮಾನ ನೆಲ ಮುಟ್ಟುವ ಜಾಗದ ಹತ್ತಿರ, ಇನ್ನೊಂದು ಆಂಟೆನಾ ಇದೆ. ಇದು ಗ್ಲೈಡ್ ಸ್ಲೋಪ್. ಎಡಬಲದ ಬದಲು ಮೇಲುಕೆಳಗಿನ ವ್ಯತ್ಯಾಸ ಹೇಳುತ್ತದೆ. ಇದು ತೋರಿಸುವ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ತ್ರಿಕೋನಮಿತಿ ಓದಿದ ಮಕ್ಕಳು ಲೆಕ್ಕ ಹಾಕಿ ನೋಡಬಹುದು: ಒಂದು ಕಿಲೋಮೀಟರ್ ಮುಂದೆ ಸಾಗಿದರೆ ವಿಮಾನ ಸುಮಾರು 52 ಮೀಟರ್ ಕೆಳಗಿಳಿದಿರುತ್ತದೆ. ಈ ಎರಡು ಸಂಕೇತಗಳು ಕೂಡುವ ಗೆರೆಯೇ ಮಂಜಿನೊಳಗಿನ ಕಾಣದ ಹಾದಿ. ಇಡೀ ವ್ಯವಸ್ಥೆಗೆ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್, ಐಎಲ್‌ಎಸ್ ಎನ್ನುತ್ತಾರೆ.

ಐಎಲ್‌ಎಸ್ ಇದ್ದ ಮಾತ್ರಕ್ಕೆ ಎಂಥ ಮಂಜಿನಲ್ಲೂ ಇಳಿಯಬಹುದೆಂದಲ್ಲ. ಅದರಲ್ಲಿ ದರ್ಜೆಗಳಿವೆ. ಮೊದಲ ದರ್ಜೆಯಲ್ಲಿ ವಿಮಾನ 200 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಪೈಲಟ್‌ಗೆ ರನ್‌ವೇ ಅಥವಾ ಅದರ ದೀಪಗಳು ಕಾಣಲೇಬೇಕು; ಆರ್‌ವಿಆರ್ 550 ಮೀಟರ್ ಬೇಕು. ಎರಡನೆಯ ದರ್ಜೆಯಲ್ಲಿ 100 ಅಡಿ, 300 ಮೀಟರ್. ಮೂರನೆಯದರಲ್ಲಿ ‘ಬಿ’ ಎಂಬ ಉಪದರ್ಜೆಗೆ 50 ಮೀಟರ್ ಕಂಡರೂ ಸಾಕು.

50 ಮೀಟರ್ ಎಂದರೆ ಎಷ್ಟು? ಎ-320 ವಿಮಾನದ ಉದ್ದವೇ ಸುಮಾರು 37 ಮೀಟರ್. ಇಳಿಯುವಾಗ ಅದರ ವೇಗ ಗಂಟೆಗೆ 260 ಕಿಲೋಮೀಟರ್ ಆಸುಪಾಸು, ಅಂದರೆ ಸೆಕೆಂಡಿಗೆ 72 ಮೀಟರ್. 550 ಮೀಟರ್ ದಾಟಲು ಏಳೂವರೆ ಸೆಕೆಂಡು ಸಿಗುತ್ತದೆ. 50 ಮೀಟರ್ ದಾಟಲು ಒಂದು ಸೆಕೆಂಡೂ ಬೇಡ! ರನ್‌ವೇಯ ನಡುಗೆರೆಯಲ್ಲಿ 15 ಮೀಟರಿಗೊಂದರಂತೆ ದೀಪಗಳಿದ್ದರೆ ಮೂರೋ ನಾಲ್ಕೋ ಕಾಣುತ್ತವೆ, ಅಷ್ಟೇ. ಇಷ್ಟರಲ್ಲಿ ನೋಡಿ, ಯೋಚಿಸಿ, ಕೈಯಿಂದ ವಿಮಾನ ಇಳಿಸುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ. ಇಲ್ಲಿ ಆಟೋಪೈಲಟ್ ಬೇಕೇಬೇಕು.

ಆಟೋಪೈಲಟ್ ಐಎಲ್‌ಎಸ್ ಗೆರೆಯನ್ನು ಹಿಡಿದು ಇಳಿಯುತ್ತದೆ. ಹೊಟ್ಟೆಯಡಿಯಿಂದ ನೆಲಕ್ಕೆ ರೇಡಿಯೋ ಅಲೆ ಬಿಟ್ಟು, ಅದು ಮರಳುವ ಕಾಲದಿಂದ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್ ಕೊನೆಯ ಅಡಿಗಳನ್ನು ಎಣಿಸುತ್ತದೆ. ‘ಫಿಫ್ಟಿ, ಫಾರ್ಟಿ, ಥರ್ಟಿ...’ ಎಂದು ಕಾಕ್‌ಪಿಟ್ಟಿನಲ್ಲಿ ಯಂತ್ರದ ದನಿ. ಸುಮಾರು 50 ಅಡಿಯ ಸುತ್ತಮುತ್ತ ವಿಮಾನದ ಮೂತಿ ತುಸು ಮೇಲೇಳುತ್ತದೆ, ಎಂಜಿನ್ ಶಕ್ತಿ ತಗ್ಗುತ್ತದೆ, ಚಕ್ರ ನೆಲ ಮುಟ್ಟುತ್ತದೆ. ಆಮೇಲೂ ವಿಮಾನವನ್ನು ನಡುಗೆರೆಯ ಮೇಲೆ ಓಡಿಸುವುದು ಆಟೋಪೈಲಟ್ಟೇ. ಒಂದು ಕೈಕೊಟ್ಟರೆ ಇನ್ನೊಂದು ಇರಲೆಂದು ಎ-320ರಲ್ಲಿ ಎರಡು ಆಟೋಪೈಲಟ್‌ಗಳು ಒಟ್ಟಿಗೆ ದುಡಿಯುತ್ತವೆ.

ಈ ವಿದ್ಯೆಗೆ ದೀರ್ಘ ಇತಿಹಾಸವಿದೆ. 1929ರ ಸೆಪ್ಟೆಂಬರಿನಲ್ಲಿ ಅಮೆರಿಕದ ಜಿಮ್ಮಿ ಡೂಲಿಟಲ್ ಹೊರಗೆ ಏನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್ಟಿನಲ್ಲಿ ಕುಳಿತು, ಬರೀ ಉಪಕರಣಗಳನ್ನು ನಂಬಿ ಹಾರಿ ಇಳಿದು ತೋರಿಸಿದ. ಲಂಡನ್ನಿನ ಕುಖ್ಯಾತ ಮಂಜಿನಿಂದ ಬೇಸತ್ತ ಬ್ರಿಟಿಷರು ಯುದ್ಧದ ನಂತರ ಇದಕ್ಕಾಗಿ ವರ್ಷಗಟ್ಟಲೆ ದುಡಿದರು. 1965ರ ಜೂನ್ 10ರಂದು ಪ್ಯಾರಿಸಿನಿಂದ ಬಂದ ಟ್ರೈಡೆಂಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಲಂಡನ್ನಿನಲ್ಲಿ ಸ್ವಯಂಚಾಲಿತವಾಗಿ ನೆಲ ಮುಟ್ಟಿತು.

ದೇವನಹಳ್ಳಿಯ ದಕ್ಷಿಣ ರನ್‌ವೇ

ಬೆಂಗಳೂರಿಗೆ ಈ ಸೌಲಭ್ಯ ಬಂದದ್ದು ತಡವಾಗಿ. ದೇವನಹಳ್ಳಿಯಲ್ಲಿ ಮೊದಲು ಇದ್ದದ್ದು ಒಂದೇ ರನ್‌ವೇ. ಇಳಿಯಲು 550 ಮೀಟರ್ ಕಾಣಲೇಬೇಕಿತ್ತು. ಕಾಣದಿದ್ದರೆ ವಿಮಾನಗಳು ಆಕಾಶದಲ್ಲೇ ಸುತ್ತು ಹೊಡೆಯಬೇಕು, ಇಲ್ಲವೇ ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. 2019ರ ಡಿಸೆಂಬರ್ 6ರಂದು 4,000 ಮೀಟರ್ ಉದ್ದದ ದಕ್ಷಿಣ ರನ್‌ವೇ ಬಳಕೆಗೆ ಬಂತು. 2020–21ರ ಚಳಿಗಾಲದಲ್ಲಿ ಅದಕ್ಕೆ ಮೂರನೆಯ ‘ಬಿ’ ದರ್ಜೆ ದೊರೆತು, ದಕ್ಷಿಣ ಭಾರತದಲ್ಲೇ ಮೊದಲನೆಯದೆನಿಸಿತು. ಅಂದಿನಿಂದ ಇಳಿಯಲು 50 ಮೀಟರ್, ಮೇಲೇರಲು 125 ಮೀಟರ್ ಕಂಡರೆ ಸಾಕು.

ಹಾಗಿದ್ದರೂ ಮಂಜಿನ ದಿನ ವಿಮಾನಗಳು ತಡವಾಗುವುದೇಕೆ ಎಂದು ಪ್ರಯಾಣಿಕರು ಗೊಣಗುವುದುಂಟು. ಉತ್ತರ ಸುಲಭ. ರನ್‌ವೇಗೆ ದರ್ಜೆ ಇದ್ದರೆ ಸಾಲದು. ವಿಮಾನಕ್ಕೂ ಇರಬೇಕು, ಇಬ್ಬರು ಪೈಲಟ್‌ಗಳಿಗೂ ಅದರ ತರಬೇತಿ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಇಳಿಯುವಂತಿಲ್ಲ. ಜೊತೆಗೆ, ನೆಲದ ಮೇಲೆ ಆಂಟೆನಾದ ಮುಂದೆ ಇನ್ನೊಂದು ವಿಮಾನ ಅಡ್ಡ ನಿಂತರೆ ಸಂಕೇತ ಬಾಗೀತು. ಆದ್ದರಿಂದ ಮಂಜಿನಲ್ಲಿ ವಿಮಾನಗಳ ನಡುವಿನ ಅಂತರವನ್ನು ಹೆಚ್ಚಿಸುತ್ತಾರೆ. ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆ ತಗ್ಗುತ್ತದೆ. ಅದು ಅದಕ್ಷತೆಯಲ್ಲ, ಎಚ್ಚರ.

ಹಾಗಾದರೆ ಪೈಲಟ್‌ಗೆ ಕೆಲಸವಿಲ್ಲವೆ? ಇದೆ, ಅದೂ ಅತ್ಯಂತ ಕಷ್ಟದ್ದು. ಸಂಕೇತ ಸರಿಯಿದೆಯೇ, ವೇಗ ಸರಿಯಿದೆಯೇ, ಆಟೋಪೈಲಟ್‌ಗೆ ತಾನು ಹೇಳಿದ್ದೇನು, ಅದು ಮಾಡುತ್ತಿರುವುದೇನು ಎಂದು ಕ್ಷಣಕ್ಷಣವೂ ಕಾಯುತ್ತಿರಬೇಕು. ಅನುಮಾನ ಬಂದರೆ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರಬೇಕು. ಇದನ್ನು ‘ಗೋ ಅರೌಂಡ್’ ಎನ್ನುತ್ತಾರೆ. ಒಳಗೆ ಕುಳಿತವರಿಗೆ ಎದೆ ಧಸಕ್ಕೆನ್ನಬಹುದು. ಆದರೆ ಅದು ಸೋಲಲ್ಲ, ಸರಿಯಾದ ನಿರ್ಧಾರ. 1990ರ ಆ ಮಧ್ಯಾಹ್ನ ಕಲಿಸಿದ ಪಾಠವೂ ಇದೇ ಅಲ್ಲವೆ?

ಬಸ್ಸು ನಿಲ್ದಾಣದ ಮುಂದೆ ನಿಲ್ಲುತ್ತದೆ. ಫಲಕದಲ್ಲಿ ದೆಹಲಿಯ ವಿಮಾನ ನಲವತ್ತು ನಿಮಿಷ ತಡ. ಅಪ್ಪ ಎರಡು ಕಾಫಿ ತರುತ್ತಾರೆ. ಮಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಾನೆ. ಎಲ್ಲೋ ಮೇಲಿನಿಂದ ಎಂಜಿನ್ನಿನ ಸದ್ದು ಮಾತ್ರ ಕೇಳುತ್ತದೆ, ವಿಮಾನ ಕಾಣುವುದಿಲ್ಲ. ಇನ್ನಷ್ಟು ಹೊತ್ತಿನ ಮೇಲೆ ಬ್ಯಾಗು ಎಳೆದುಕೊಂಡು ಅಕ್ಕ ಹೊರಬರುತ್ತಾಳೆ.

‘ಇಳಿದದ್ದೇ ಗೊತ್ತಾಗಲಿಲ್ಲ ಅಪ್ಪಾ. ಕಿಟಕಿಯ ಹೊರಗೆ ಬರೀ ಬಿಳಿ. ಚಕ್ರ ತಾಗಿದ ಮೇಲೇ ನೆಲ ಕಂಡದ್ದು.’

‘ಕಂಪ್ಯೂಟರ್ ಇಳಿಸಿತಂತೆ’ ಎನ್ನುತ್ತಾನೆ ತಮ್ಮ.

‘ಇಬ್ಬರು ಪೈಲಟ್‌ಗಳು ಕಾವಲು ಕೂತಿದ್ರು, ಅದನ್ನೂ ಹೇಳು’ ಎನ್ನುತ್ತಾ ಅಕ್ಕ ಅವನ ಕೈಗೆ ಬ್ಯಾಗು ಕೊಡುತ್ತಾಳೆ. ಪೂರ್ವದಲ್ಲಿ ಸೂರ್ಯ ಮಸುಕಾಗಿ ಕಾಣಿಸಿಕೊಂಡಿದ್ದಾನೆ. ಬನಶಂಕರಿಯ ಬಸ್ಸು ಹೊರಡಲು ಹಾರನ್ ಹಾಕುತ್ತಿದೆ.